ಶರ್ಟಿನ ರಟ್ಟಿನ ಮೇಲೆ ಒಂದು ಕೆರೆ

ನಮ್ಮ ಭಾವನ ಬೆರಳ ತುದಿಗೆ ಬಿಸಿ ಅನ್ನೋದು ತಾಗುವುದೇ ಇಲ್ಲ. ಮೂವತ್ತೆಂಟು ವರ್ಷ ಇಸ್ತ್ರಿ ಪೆಟ್ಟಿಗೆ ಹಿಡಿದ ಕೈ ಅದು. ಪೆಟ್ಟಿಗೆ ಕಾದಿದೆಯೋ ಇಲ್ಲವೋ ಅಂತ ಬೇರೆಯವರು ನಾಲ್ಕು ಹನಿ ನೀರು ಚಿಮುಕಿಸಿ ನೋಡಿದರೆ, ಇವರು ಬೆರಳನ್ನೇ ಒತ್ತಿ ನೋಡುತ್ತಾರೆ. ನಾನು ಬೈದು ಬೈದು ಸೋತಿದ್ದೇನೆ. "ಏನೂ ಆಗಲ್ಲ ಬಿಡೇ ಮೆಣಸು" ಅನ್ನುತ್ತಾರೆ. ಮೆಣಸು ಅಂದರೆ ನಾನೇ. ಈ ಮನೆಗೆ ಬಂದ ಮೊದಲ ವಾರವೇ ಆ ಹೆಸರಿಟ್ಟರು, ಈಗ ಬೀದಿಯವರೂ ಹಾಗೇ ಕರೆಯುತ್ತಾರೆ. ನನಗೇನೂ ಬೇಜಾರಿಲ್ಲ. ಖಾರ ಇರುವವಳನ್ನು ಸಕ್ಕರೆ ಅಂತ ಕರೆದು ಯಾರಿಗೆ ಏನಾಗಬೇಕಿದೆ?

ನಾನು ಅವರ ಹೆಂಡತಿಯ ತಂಗಿ. ಮದುವೆಯಾದ ಎರಡನೇ ವರ್ಷಕ್ಕೆ ನನ್ನ ಗಂಡ ಅನ್ನೋ ಮಹಾನುಭಾವ ಒಂದು ಚೀಟಿಯನ್ನೂ ಬರೆದಿಡದೆ ಹೊರಟುಹೋದ. ಅಕ್ಕ ಬಂದಳು, ನನ್ನ ಟ್ರಂಕು ತಾನೇ ಎತ್ತಿಕೊಂಡಳು, "ನಡಿ, ನಮ್ಮ ಅಂಗಡೀಲಿ ಬಟ್ಟೆ ಮಡಚೋಕೆ ಒಂದು ಕೈ ಬೇಕು" ಅಂದಳು. ಅವರಿಗೆ ಬೇಕಿದ್ದದ್ದು ಒಂದು ಕೈ, ಬಂದದ್ದು ಎರಡು ಕೈ ಮತ್ತು ಒಂದು ನಾಲಿಗೆ. ಅದಾಗಿ ಮೂವತ್ತೆರಡು ವರ್ಷ. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಮನೆ, ಅದರ ಹಿಂದೆ ಬಟ್ಟೆ ಒಣಗಿಸೋ ಹಿತ್ತಲು. ಅಕ್ಕ ಬಟ್ಟೆ ವಿಂಗಡಿಸಿ ಗುರುತು ಹಾಕುತ್ತಿದ್ದಳು, ಕಿತ್ತ ಗುಂಡಿ ಹೊಲಿಯುತ್ತಿದ್ದಳು. ಭಾವ ಇಸ್ತ್ರಿ ಮಾಡುತ್ತಿದ್ದರು. ನಾನು ಮಡಚುತ್ತಿದ್ದೆ.

ಶರ್ಟು ಮಡಚುವಾಗ ಒಳಗೆ ಒಂದು ರಟ್ಟು ಇಡುತ್ತೇವೆ, ಮೈ ಸೆಟೆದು ನಿಲ್ಲಲಿ ಅಂತ. ಮೂಲೆ ಮುರಿದ ರಟ್ಟನ್ನು ಗಿರಾಕಿಗೆ ಕೊಡುವ ಹಾಗಿಲ್ಲ. ಅಂಥವನ್ನೆಲ್ಲ ಭಾವ ಎತ್ತಿಟ್ಟುಕೊಳ್ಳುತ್ತಿದ್ದರು, ಚಿತ್ರ ಬರೆಯೋಕೆ.

ಆ ಹುಚ್ಚು ಹತ್ತಿದ್ದು ಒಬ್ಬ ಡ್ರಾಯಿಂಗ್ ಮೇಷ್ಟ್ರಿಂದ. ಅವರ ಮೇಲಂಗಿಯ ತೋಳಿನಲ್ಲಿ ಒಂದು ನೀಲಿ ಕರೆ ಇತ್ತು. ಸಾಬೂನು, ಸೋಡ, ಉಪ್ಪು ಯಾವುದಕ್ಕೂ ಜಗ್ಗಲಿಲ್ಲ. ಭಾವನಿಗೆ ಅದು ಮರ್ಯಾದೆ ಪ್ರಶ್ನೆಯಾಯಿತು. ಅಂಗಿ ಹಿಡಿದುಕೊಂಡು ಅವರ ಮನೆಗೇ ಹೋದರು, ಇದೇನು ಸ್ವಾಮಿ ಅಂತ. ಮೇಷ್ಟ್ರು ನಕ್ಕು, ಆಯಿಲ್ ಪೇಸ್ಟಲ್ ಅಂತ ಒಂದು ಡಬ್ಬಿ ತೋರಿಸಿದರು. ಮೇಣ, ಎಣ್ಣೆ, ಬಣ್ಣ ಸೇರಿಸಿ ಮಾಡಿದ ಕಡ್ಡಿಗಳಂತೆ. ಪೂರ್ತಿ ಒಣಗೋದೇ ಇಲ್ಲವಂತೆ, ಹತ್ತು ವರ್ಷದ ಮೇಲೂ ಬೆರಳಿಟ್ಟರೆ ಬೆರಳಿಗೆ ಬರುತ್ತದಂತೆ. ಅರ್ಧರ್ಧ ಸವೆದ ಕಡ್ಡಿಗಳ ಒಂದು ಡಬ್ಬಿಯನ್ನು ಭಾವನ ಕೈಗೇ ಕೊಟ್ಟು ಕಳಿಸಿದರು. ಭಾವ ಬಂದವರೇ ಒಂದು ಮುರುಕು ರಟ್ಟಿನ ಮೇಲೆ ನೀಲಿ ಗೀಚಿ, ಹೆಬ್ಬೆರಳಿಂದ ಉಜ್ಜಿ, ನೋಡುತ್ತ ಕೂತುಬಿಟ್ಟರು. ಕರೆ ಹೋಗಿಸೋ ಕೆಲಸದವರಿಗೆ ಹೋಗದ ಕರೆ ಸಿಕ್ಕಿತು ಅಂತ ನಾನು ಆಡಿಕೊಂಡೆ.

ಅವತ್ತಿಂದ ದಿನಾ ಮಧ್ಯಾಹ್ನ ಊಟದ ಮೇಲೆ ಒಂದು ಗಂಟೆ ಅದೇ ಕೆಲಸ. ಮೊದಲು ಕಡು ಬಣ್ಣ ಹಚ್ಚುತ್ತಾರೆ, ಅದರ ಮೇಲೆ ತಿಳಿ ಬಣ್ಣ, ಅದರ ಮೇಲೆ ಇನ್ನೂ ತಿಳಿ. ಆಕಾಶಕ್ಕೆ ನೀಲಿ ಬಿಳಿ ಎರಡನ್ನೂ ಬೆರಳಲ್ಲಿ ತಿಕ್ಕಿ ತಿಕ್ಕಿ, ಎಲ್ಲಿ ನೀಲಿ ಮುಗಿಯಿತು ಎಲ್ಲಿ ಬಿಳಿ ಶುರುವಾಯಿತು ಅಂತ ಗೊತ್ತಾಗದ ಹಾಗೆ ಮಾಡುತ್ತಾರೆ. ಹುಲ್ಲು ಬರೆಯೋಕೆ, ಗಿರಾಕಿಗಳ ಬಟ್ಟೆಗೆ ಗುರುತಿನ ಚೀಟಿ ಚುಚ್ಚೋ ಪಿನ್ನಿನಿಂದ ಸಣ್ಣಗೆ ಗೀರುತ್ತಾರೆ, ಕೆಳಗಿನ ಕಪ್ಪು ಎಳೆ ಎಳೆಯಾಗಿ ಹೊರಗೆ ಬರುತ್ತದೆ. ನೀರಿನ ಮೇಲಿನ ಬಿಸಿಲು ಮಾತ್ರ ಕಟ್ಟಕಡೆಗೆ. ಬಿಳಿ ಕಡ್ಡಿಯನ್ನು ಒಂದೇ ಸಲ ಒತ್ತಿ ಎಳೆಯಬೇಕು, ಎರಡನೇ ಸಲ ಎಳೆದರೆ ಬಿಸಿಲು ಕೊಳೆಯಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಅಂಗಡಿಯ ಕಾವಿಗೆ ಕಡ್ಡಿಗಳೆಲ್ಲ ಬೆಣ್ಣೆಯ ಹಾಗೆ ಮೆತ್ತಗಾಗುತ್ತವೆ. ಆಗ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿಟ್ಟು ಸಾಕುತ್ತಾರೆ. ನನಗೆ ಜ್ವರ ಬಂದಾಗಲೂ ಹಣೆಗೆ ಒಂದು ಒದ್ದೆ ಬಟ್ಟೆ ಹಾಕಿರಲಿಲ್ಲ.

ಬರೆಯುತ್ತಿದ್ದದ್ದು ಬರೀ ಗುಡ್ಡ, ದಾರಿ, ಹೊಳೆ, ಮರ, ಮೋಡ. ಒಂದೇ ಒಂದು ಮನುಷ್ಯ ಪ್ರಾಣಿ ಇಲ್ಲ. ಎದುರಿನ ಕ್ಷೌರದಂಗಡಿಯವರು ಒಂದು ದಿನ ರಟ್ಟುಗಳನ್ನೆಲ್ಲ ತಿರುವಿ ಹಾಕಿ, "ಅಲ್ಲ ಕಣಯ್ಯಾ, ಈ ಊರಿನ ಜನ ಎಲ್ಲಿ ಹೋದರು? ಇರೋ ಬಟ್ಟೆ ಎಲ್ಲ ನಿನಗೆ ಇಸ್ತ್ರಿಗೆ ಕೊಟ್ಟು ಬರಿಮೈಲಿ ಮನೇಲಿ ಕೂತಿದ್ದಾರಾ?" ಅಂದರು. ಭಾವನೂ ನಕ್ಕರು. ಅಕ್ಕ ನಗಲಿಲ್ಲ, ನಾನೂ ನಗಲಿಲ್ಲ. ನಮಗೆ ಕಾರಣ ಗೊತ್ತಿದೆ ಅಂದುಕೊಂಡಿದ್ದೆವು.

ಅಕ್ಕ ಭಾವನಿಗೆ ಒಬ್ಬಳು ಮಗಳಿದ್ದಳು. ಪುಟ್ಟಿ ಅನ್ನುತ್ತಿದ್ದೆವು. ನಾನು ಬಂದಾಗ ಅವಳಿಗೆ ನಾಲ್ಕು ವರ್ಷ. ನನ್ನನ್ನು ಚಿಕ್ಕಿ ಅನ್ನುತ್ತಿದ್ದಳು, ನನ್ನ ಬೈಗುಳಕ್ಕೆ ಹೆದರದಿದ್ದವಳು ಮನೆಯಲ್ಲಿ ಅವಳೊಬ್ಬಳೇ. ಆಗ ನಮ್ಮ ಬೀದಿಯ ಕೊನೆಗೆ ಒಂದು ಕೆರೆ ಇತ್ತು. ಕೆರೆ ಏರಿಯ ಮೇಲೆ ನಡೆದು ಹೋದರೆ ಆಚೆ ದಡದಲ್ಲಿ ಆಸ್ಪತ್ರೆಯವರ ಮನೆಗಳು. ಅವಳಿಗೆ ಏಳು ವರ್ಷವಾದಾಗ ಒಂದು ಬೆಳಿಗ್ಗೆ ಭಾವ ಡಾಕ್ಟರ ಮನೆಗೆ ಬಟ್ಟೆ ಕೊಡಲು ಹೊರಟರು, ಪುಟ್ಟಿ ನಾನೂ ಬರ್ತೀನಿ ಅಂತ ಹೊಸ ಚಪ್ಪಲಿ ಹಾಕಿಕೊಂಡು ಜೊತೆಗೆ ಹೋದಳು. ಮುಂದಿನದು ಭಾವ ಪೊಲೀಸರ ಮುಂದೆ ಹೇಳಿದ್ದು. ಅವರ ಮಾತನ್ನೇ ಹೇಳುತ್ತೇನೆ. "ಚಪ್ಪಲಿ ಕಚ್ತಿದೆ ಅಂದಳು. ಏರಿ ಕೆಳಗೆ ಒಂದು ಚಪ್ಪಡಿ ಕಲ್ಲಿದೆ, ಅಲ್ಲಿ ಕೂತಿರು ಅಂದೆ. ಬಟ್ಟೆ ಕೊಟ್ಟು ಬಂದೆ. ಚಪ್ಪಲಿ ಕಲ್ಲಿನ ಮೇಲಿತ್ತು. ಅವಳಿರಲಿಲ್ಲ." ಮಧ್ಯಾಹ್ನ ಎರಡು ಗಂಟೆಗೆ ನೀರಿನಿಂದ ತೆಗೆದರು.

ಆ ಐದು ಮಾತು ಆದಮೇಲೆ ಭಾವ ಆ ದಿನದ ಬಗ್ಗೆ ತುಟಿ ಬಿಚ್ಚಲಿಲ್ಲ. ಇಪ್ಪತ್ತೆಂಟು ವರ್ಷ. ಅಕ್ಕನೂ ಕೇಳಲಿಲ್ಲ. ಕೇಳಿದರೆ ಈ ಮನುಷ್ಯ ಮುರಿದು ಬೀಳುತ್ತಾರೆ ಅಂತ ಅವಳಿಗೆ ಭಯವಿತ್ತು. ಚಿತ್ರ ಬರೆಯೋಕೆ ಶುರು ಮಾಡಿದ್ದು ಅದಾದ ಎರಡು ವರ್ಷಕ್ಕೆ, ಆ ಒಂದು ಗಂಟೆ ಅವರ ಮುಖ ಸ್ವಲ್ಪ ಸಡಿಲವಾಗುತ್ತಿತ್ತು. ಹಾಗಾಗಿ ಬಣ್ಣದ ಬೆರಳಲ್ಲಿ ಬಿಳಿ ಬಟ್ಟೆ ಮುಟ್ಟಿದರೂ ನಾನು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದೆ. ನನ್ನ ಮಟ್ಟಿಗೆ ಅದು ದೊಡ್ಡ ಸಾಧನೆ.

ಆಮೇಲೆ ಕೆರೆ ಮುಚ್ಚಿ ಬಸ್ ನಿಲ್ದಾಣ ಮಾಡಿದರು. ಪುಟ್ಟಿಯದು ಅಂತ ಉಳಿದದ್ದು ಶಾಲೆಯವರು ತೆಗೆಸಿದ ಒಂದು ಗುಂಪಿನ ಫೋಟೊ. ಅದರಲ್ಲಿ ಅವಳ ಮುಖ ಸಾಸಿವೆ ಕಾಳಿನಷ್ಟಿದೆ, ಅದೂ ಪಕ್ಕದ ಹುಡುಗಿಯ ಜಡೆ ಅಡ್ಡ ಬಂದು ಅರ್ಧ.

ಹೋದ ವರ್ಷ ಅಕ್ಕನ ಕಣ್ಣು ಕೈಕೊಟ್ಟವು. ಎಡಗಣ್ಣು ಹೋಗಿದ್ದೇ ಅವಳಿಗೆ ತಿಳಿದಿರಲಿಲ್ಲ. ಬಲಗಣ್ಣು ಸುತ್ತಲಿನಿಂದ ಮುಚ್ಚಿಕೊಂಡು ಬರುತ್ತಿತ್ತು. ಕೊಳವೆಯೊಳಗಿಂದ ನೋಡಿದ ಹಾಗೆ ನಟ್ಟನಡುವಿನದಷ್ಟೇ ಕಾಣುತ್ತಿತ್ತು. ಕಣ್ಣಿನ ಡಾಕ್ಟರು ನರ ಒಣಗಿದೆ ಅಂದರು. ಹೋದದ್ದು ಬರೋದಿಲ್ಲ, ಇರೋದು ಈ ಮಳೆಗಾಲ ದಾಟಿದರೆ ಹೆಚ್ಚು ಅಂದರು. ನಾನು ಅವರ ಮೇಲೆ ಕೂಗಾಡಿದೆ. ಅಕ್ಕ ನನ್ನ ಕೈ ಹಿಡಿದು ಎಬ್ಬಿಸಿಕೊಂಡು ಬಂದಳು, ಬಾಗಿಲು ಎಲ್ಲಿದೆ ಅಂತ ಅವಳಿಗೆ ಕಾಣದಿದ್ದರೂ.

ಅವತ್ತೇ ಸಂಜೆ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಅಕ್ಕ ಕೇಳಿದಳು. "ರೀ, ನನಗೊಂದು ಚಿತ್ರ ಬರೆದು ಕೊಡ್ತೀರಾ?"

"ಯಾವುದು? ಗುಡ್ಡದ್ದಾ?"

"ಗುಡ್ಡ ಬೇಡ. ಕೆರೆ. ನಮ್ಮ ಕೆರೆ."

ಭಾವ ಒಂದು ದಿಂಬಿನ ಚೀಲ ಇಸ್ತ್ರಿ ಮಾಡುತ್ತಿದ್ದರು. ಅವರ ಕೈ ನಿಂತಿತು.

"ಕಲ್ಲಿನ ಮೇಲೆ ಪುಟ್ಟಿನೂ ಇರಬೇಕು" ಅಂದಳು ಅಕ್ಕ. "ಅವತ್ತು ಅವಳನ್ನ ಕೂರಿಸಿ ಹೊರಟಿರಲ್ಲ, ಹೋಗ್ತಾ ಒಂದು ಸಲ ತಿರುಗಿ ನೋಡಿರ್ತೀರಿ. ಆಗ ಅವಳು ಹೇಗೆ ಕೂತಿದ್ದಳೋ ಹಾಗೇ ಬರೀರಿ. ನಾನು ಇದನ್ನ ಕೇಳಬಾರದು ಅಂತಲೇ ಇದ್ದೆ. ಆದರೆ ಕಣ್ಣು ಕಾಯಲ್ಲ ಅಂತಿದೆ. ಅವಳನ್ನ ಕೊನೆಗೆ ಕಂಡವರು ನೀವೊಬ್ಬರೇ. ನಿಮಗೆ ಕಂಡದ್ದನ್ನ ನನಗೂ ಒಂದು ಸಲ ತೋರಿಸಿಬಿಡಿ, ಸಾಕು."

ಭಾವ "ಹ್ಞೂಂ" ಅಂದರು. ಅಷ್ಟು ಹೊತ್ತಿಗೆ ದಿಂಬಿನ ಚೀಲದ ಮೇಲೆ ಪೆಟ್ಟಿಗೆ ಕೂತ ಜಾಗ ಕಂದು ಬಣ್ಣಕ್ಕೆ ತಿರುಗಿತ್ತು. ಅವರ ಕೈಯಲ್ಲಿ ಬಟ್ಟೆ ಸುಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಾರನೇ ದಿನದಿಂದಲೇ ಶುರು ಮಾಡಿದರು. ಮೊದಲ ರಟ್ಟು ನೋಡಿ ಮಡಚುತ್ತಿದ್ದ ಶರ್ಟನ್ನು ಅಲ್ಲೇ ಬಿಟ್ಟೆ. ಅದು ಅದೇ ಕೆರೆ. ನಾನು ಮರೆತೇಹೋಗಿದ್ದ ಮುರುಕು ಮೆಟ್ಟಿಲು ಅಲ್ಲಿತ್ತು, ನೀರಿನ ಮೇಲೆ ಬಾಗಿದ ಮರ ಇತ್ತು, ಮೂಲೆಯಲ್ಲಿ ಜೊಂಡು ಇತ್ತು, ಚಪ್ಪಡಿ ಕಲ್ಲಿಗೆ ಒಂದು ಬದಿ ಪಾಚಿ ಸಹ ಇತ್ತು. ಇಷ್ಟು ವರ್ಷ ಯಾವುದೋ ಊರಿನ ಗುಡ್ಡ ಬರೆಯುತ್ತಿದ್ದ ಈ ಮನುಷ್ಯ ಒಳಗೆ ಇಟ್ಟುಕೊಂಡಿದ್ದು ಇದನ್ನು. ಆದರೆ ಕಲ್ಲಿನ ಮೇಲೆ ಯಾರೂ ಇರಲಿಲ್ಲ. ಅದನ್ನು ಬದಿಗಿಟ್ಟು ಎರಡನೆಯದು ಶುರು ಮಾಡಿದರು. ಅದರಲ್ಲೂ ಇಲ್ಲ. ಮೂರು, ನಾಲ್ಕು, ಏಳು. ನೀರು ಒಂದಕ್ಕಿಂತ ಒಂದು ಚೆನ್ನಾಗಿ ಬರುತ್ತಿತ್ತು. ಕಲ್ಲು ಖಾಲಿ.

ಅಷ್ಟರಲ್ಲಿ ಅಕ್ಕನ ಕೊಳವೆ ಸಣ್ಣದಾಗುತ್ತ ಬಂತು. ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ವಾರ ಕಾಣುತ್ತಿತ್ತು, ಆಮೇಲೆ ಎರಡು ದಿನ, ಆಮೇಲೆ ಒಂದು ಅಂಕಿ. ಒಂದು ಬೆಳಿಗ್ಗೆ ಚಹಾವನ್ನು ಲೋಟದ ಪಕ್ಕಕ್ಕೆ ಸುರಿದು, ಲೋಟ ಎತ್ತಿ ಭಾವನ ಕೈಗೆ ಕೊಟ್ಟಳು. ಭಾವ ಖಾಲಿ ಲೋಟವನ್ನು ಬಾಯಿಗಿಟ್ಟು ಕುಡಿದ ಹಾಗೆ ಮಾಡಿದರು. ನಾನು ಹಿತ್ತಲಿಗೆ ಹೋಗಿ ಅತ್ತು ಬಂದೆ. ಬಂದವಳಿಗೆ ಸಿಟ್ಟು ಬಂತು. ನನಗೆ ಅಳು ಬಂದರೆ ಅದರ ಹಿಂದೆಯೇ ಸಿಟ್ಟು ಬರುತ್ತದೆ.

"ಭಾವ, ಕೆರೆ ಆಯ್ತು, ಕಲ್ಲು ಆಯ್ತು, ಮೋಡದ ಮೇಲೆ ಮೋಡ ಆಯ್ತು. ಕೂರಬೇಕಾದವಳು ಎಲ್ಲಿ? ಅಕ್ಕನ ಕಣ್ಣು ನಿಮ್ಮ ಮೋಡಕ್ಕೆ ಕಾಯ್ತಾ ಕೂತಿರುತ್ತಾ?"

"ಕೈ ಬರ್ತಿಲ್ಲ ಮೆಣಸು."

"ಮರದ ಎಲೆ ಎಲೆಗೂ ಬರೋ ಕೈ ಹೆತ್ತ ಮಗಳಿಗೆ ಬರಲ್ವಾ?"

ಅವರು ಪಿನ್ನು ತೆಗೆದುಕೊಂಡು ಹುಲ್ಲು ಗೀರುತ್ತ ಕೂತರು. ಆ ಮಾತು ಆಡಬಾರದಿತ್ತು. ಅದನ್ನು ನೆನೆದರೆ ಇವತ್ತಿಗೂ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹನ್ನೊಂದನೇ ರಟ್ಟಿನಲ್ಲಿ ಪುಟ್ಟಿ ಬಂದಳು. ಅದೊಂದು ಭಾನುವಾರ ಮಧ್ಯಾಹ್ನ. ಭಾವ ಕಡ್ಡಿ ಕೆಳಗಿಟ್ಟು ಕೈ ತೊಳೆಯಲು ಹೋದಾಗ ಬಗ್ಗಿ ನೋಡಿದೆ. ಕಲ್ಲಿನ ಮೇಲೆ ಕೂತು, ಈ ಕಡೆ ಮುಖ ಮಾಡಿ, ಒಂದು ಕೈ ಎತ್ತಿ ನಗುತ್ತಿದ್ದಳು. ಕೆಂಪು ಫ್ರಾಕು. ಇಡೀ ಹುಡುಗಿ ನನ್ನ ಹೆಬ್ಬೆರಳಿನಷ್ಟು ದೊಡ್ಡವಳು. ಹೋಗುವ ಅಪ್ಪನಿಗೆ ಟಾಟಾ ಮಾಡುತ್ತಿದ್ದಾಳೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ನಾನು ಕೈಯಲ್ಲಿದ್ದ ಗಿರಾಕಿಯ ಹೊದಿಕೆಯಲ್ಲೇ ಮುಖ ಒರೆಸಿಕೊಂಡೆ.

"ನಾಳೆ ಬೆಳಿಗ್ಗೆ ಹತ್ತಕ್ಕೆ ತೋರಿಸೋಣ" ಅಂದರು ಭಾವ. ಆ ಹೊತ್ತಿಗೆ ಹಿತ್ತಲ ಮೆಟ್ಟಿಲಿಗೆ ನೇರ ಬಿಸಿಲು ಬೀಳುತ್ತದೆ, ಅಕ್ಕನಿಗೆ ಇರುವಷ್ಟು ಕಣ್ಣು ಚೆನ್ನಾಗಿ ಕಾಣುವುದು ಅಲ್ಲೇ.

ಮಳೆಗಾಲದ ತೇವಕ್ಕೆ ಬೆಳಗಾಗುವ ಹೊತ್ತಿಗೆ ಆ ರಟ್ಟು ದೋಣಿಯ ಹಾಗೆ ಬಾಗಿಕೊಂಡಿತ್ತು. ಭಾವ ಬಟ್ಟೆ ಕೊಡಲು ಹೋಗಿದ್ದರು. ನಾನು ಯೋಚನೆ ಮಾಡಿದೆ. ಅಕ್ಕನಿಗೆ ಕಾಣುವುದೇ ಒಂದು ಬಿಲ್ಲೆಯಷ್ಟು ಅಗಲ, ಈ ಸೊಟ್ಟ ರಟ್ಟಿನಲ್ಲಿ ಅವಳು ಪುಟ್ಟಿಯನ್ನು ಎಲ್ಲಿ ಅಂತ ಹುಡುಕಬೇಕು? ನಮ್ಮ ಮನೆಯಲ್ಲಿ ಸುಕ್ಕಿಗೆ, ಸೊಟ್ಟಕ್ಕೆ, ತೇವಕ್ಕೆ ಎಲ್ಲದಕ್ಕೂ ಒಂದೇ ಮದ್ದು. ಬಾಡಿಗೆ ಪತ್ರವನ್ನೂ ಇಸ್ತ್ರಿ ಮಾಡಿದ್ದೇವೆ, ಅಕ್ಕನ ಆಸ್ಪತ್ರೆ ಚೀಟಿಯನ್ನೂ ಮಾಡಿದ್ದೇವೆ. ರಟ್ಟಿನ ಮೇಲೆ ಒಂದು ಹಳೇ ದಿನಪತ್ರಿಕೆ ಹಾಸಿದೆ. ಪೆಟ್ಟಿಗೆಯ ಕಾವು ಇಳಿಸಿದೆ. ಮೆಲ್ಲಗೆ, ಮಗುವಿನ ಬೆನ್ನು ಸವರಿದ ಹಾಗೆ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಳೆದೆ. ಬೇಸಿಗೆ ಬೇಸಿಗೆಗೂ ಆ ಕಡ್ಡಿಗಳು ಕರಗುವುದನ್ನು ಕಣ್ಣಾರೆ ಕಂಡವಳು ನಾನು. ತಲೆಗೆ ಹೊಳೆಯುವ ಮೊದಲು ಕೈ ಹೋಗಿತ್ತು. ಮೂವತ್ತು ವರ್ಷದ ಕೈ.

ಪತ್ರಿಕೆ ಎತ್ತಿದೆ. ಕೆರೆ ಪತ್ರಿಕೆಗೆ ಅಂಟಿಕೊಂಡು ಬಂತು. ರಟ್ಟಿನ ಮೇಲೆ ನೀರು, ಮರ, ಆಕಾಶ ಎಲ್ಲ ಕಲಸಿ ಮಣ್ಣಿನ ಬಣ್ಣದ ಒಂದು ರಾಡಿ. ನಡುವೆ ಒಂದು ಕೆಂಪು ಬಳಿದ ಗುರುತು. ಪುಟ್ಟಿಯ ಮುಖ ಎಲ್ಲೂ ಇರಲಿಲ್ಲ.

ಭಾವ ಬಂದಾಗ ರಟ್ಟನ್ನು ಮುಂದೆ ಹಿಡಿದೆ. ಅವರು ಅದನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ಕಾಗದ ಹಾಕಿ ಒತ್ತಿದೆಯಾ?"

"ಹ್ಞೂಂ."

"ಕಾವು ಎಷ್ಟಿತ್ತು?"

"ರೇಷ್ಮೆಗೆ ಇಡುವಷ್ಟು."

"ಅದಕ್ಕೆ ಅಷ್ಟೇ ಸಾಕು" ಅಂದರು.

"ಬೈಯಿರಿ ಭಾವ, ಒಂದು ಸಲ ಬೈದುಬಿಡಿ" ಅಂದೆ. ಅವರು ಬೈಯಲಿಲ್ಲ. ಮುಖದಲ್ಲಿ ಸಿಟ್ಟು ಹುಡುಕಿದೆ, ದುಃಖ ಹುಡುಕಿದೆ. ಅಲ್ಲಿ ಕಂಡದ್ದು ಹೊರೆ ಇಳಿಸಿದವರ ಮುಖ. ಅದನ್ನು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಎರಡೂವರೆ ತಿಂಗಳು ಅಕ್ಕನನ್ನು ಕಾಯಿಸಿ, ಬರೆದದ್ದು ಹಾಳಾದರೆ ಇವರಿಗೆ ನಿರಾಳವಾಗುತ್ತದೆ ಅಂದರೆ ಏನರ್ಥ?

"ರೀ, ಬಿಸಿಲು ಬಂತು" ಅಂತ ಹಿತ್ತಲಿಂದ ಅಕ್ಕ ಕೂಗಿದಳು. "ತರ್ತೀರಾ?"

ಇಬ್ಬರೂ ಹೋದೆವು. ಅಕ್ಕ ಮೆಟ್ಟಿಲ ಮೇಲೆ ಮುಖ ತೊಳೆದು, ತಲೆ ಬಾಚಿ, ಕೈ ಎರಡೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಅವಳ ಕಾಲ ಹತ್ತಿರ ಕುಸಿದು ಕೂತು ನಡೆದದ್ದು ಹೇಳಿದೆ, ಕೆಂಪು ಫ್ರಾಕಲ್ಲಿ ಪುಟ್ಟಿ ಕೈ ಎತ್ತಿ ನಗುತ್ತಿದ್ದದ್ದನ್ನೂ ಹೇಳಿದೆ. ನನ್ನ ಮಾತು ಮುಗಿದ ಮೇಲೆ ಅಕ್ಕ ನನ್ನ ತಲೆಯ ಮೇಲೆ ಕೈಯಾಡಿಸಿದಳು.

"ಹೋಗಲಿ ಬಿಡು. ಬೇಕಂತ ಮಾಡಿದ್ಯಾ? ಒಂದು ಸಲ ಕೈ ಬಂತಲ್ಲ, ಇನ್ನೊಂದು ಬರೀತಾರೆ. ಅಲ್ವೇನ್ರೀ?"

"ಬರೆಯಲ್ಲ" ಅಂದರು ಭಾವ.

ಅವರು ನಿಂತೇ ಇದ್ದರು, ಆ ರಾಡಿಯಾದ ರಟ್ಟು ಕೈಯಲ್ಲೇ ಇತ್ತು.

"ಅದು ಸುಳ್ಳು ಚಿತ್ರ" ಅಂದರು. "ನಾನು ಕಟ್ಟಿಕೊಂಡದ್ದು. ಅವಳು ಕೈ ಎತ್ತಿದ್ದು, ನಕ್ಕಿದ್ದು, ಯಾವುದೂ ನನಗೆ ಕಂಡಿಲ್ಲ. ನಾನು ತಿರುಗಿ ನೋಡಲೇ ಇಲ್ಲ ಕಣೇ."

ಅಕ್ಕ ಅವರ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ತಲೆ ಮೇಲೆ ಬಟ್ಟೆ ಗಂಟಿತ್ತು. ಆ ಡಾಕ್ಟರ ಹೆಂಡತಿ ಒಂದು ಮಡಿಕೆ ಸೊಟ್ಟ ಇದ್ದರೂ ವಾಪಸ್ ಕಳಿಸೋರು. ತಿರುಗಿದರೆ ಗಂಟು ಜಾರುತ್ತೆ, ಮಡಿಕೆ ಹಾಳಾಗುತ್ತೆ ಅಂತ ನೇರ ನೋಡ್ಕೊಂಡು ಹೋದೆ. ಅವಳು ಹಿಂದಿನಿಂದ ಅಪ್ಪಾ ಅಂತ ಕರೆದಳು. ಆಗಲೂ ತಿರುಗಲಿಲ್ಲ. ಮಡಿಕೆ ಹಾಳಾಗುತ್ತೆ ಅಂತ ತಿರುಗಲಿಲ್ಲ. ಹೇಗೆ ಕೂತಿದ್ದಳು ಅಂತ ನೀನು ಕೇಳಿದರೆ ನಾನು ಏನು ಬರೀಲಿ?"

ಇಷ್ಟು ಮಾತನ್ನು ಅವರು ಒಟ್ಟಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ. ಖಾಲಿ ಕಲ್ಲು ಯಾಕೆ ಅಂತ ಈಗ ತಿಳಿಯಿತು. ಆ ಹತ್ತು ರಟ್ಟುಗಳೂ ಮುಗಿದ ಚಿತ್ರಗಳೇ. ಅವರು ಕಂಡಿದ್ದನ್ನಷ್ಟೇ ಬರೆದಿದ್ದರು.

ಅಕ್ಕ ಕೇಳಿದಳು. "ಅವಳು ಕರೆದಾಗ ನೀವು ಏನಂದಿರಿ?"

"ಬಂದೆ ಇರು ಅಂದೆ."

"ಗಟ್ಟಿಯಾಗಿ ಅಂದಿರಾ? ಅವಳಿಗೆ ಕೇಳಿಸೋ ಹಾಗೆ?"

"ಕೇಳಿಸ್ತು. ಸರಿ ಅಪ್ಪಾ ಅಂದಳು."

"ಸರಿ ಅಪ್ಪಾ ಅಂದಳು" ಅಂತ ಅಕ್ಕ ತನಗೆ ತಾನೇ ಹೇಳಿಕೊಂಡಳು. ಇನ್ನೊಂದು ಸಲ ಹೇಳಿಕೊಂಡಳು. ಆಮೇಲೆ ಅವಳ ಮುಖ ಕೆಂಪಾಯಿತು. "ಇಷ್ಟು ವರ್ಷ ಇದನ್ನ ನೀವೊಬ್ಬರೇ ಇಟ್ಟುಕೊಂಡಿದ್ರಾ? ನನ್ನ ಮಗಳು ಕೊನೇಗೆ ಆಡಿದ ಮಾತು ನನಗೆ ಬೇಡವಾಗಿತ್ತಾ? ಭಯಪಟ್ಟು ಅತ್ತಳೋ, ಅಮ್ಮಾ ಅಂತ ಕೂಗಿದಳೋ ಅಂತ ದಿನಾ ಸತ್ತಿದ್ದೀನಿ ನಾನು. ಸರಿ ಅಪ್ಪಾ ಅಂದಳು ಅಂತ ಹೇಳೋಕೆ ನಿಮಗೆ ಇಪ್ಪತ್ತೆಂಟು ವರ್ಷ ಬೇಕಾಯ್ತಾ?"

ಅಕ್ಕ ಸಿಟ್ಟಾದದ್ದನ್ನು ಆ ಮನೆಯಲ್ಲಿ ನಾನು ಮೊದಲು ನೋಡಿದ್ದು ಆವತ್ತೇ. ಜೋರಾಗಿ ಅತ್ತಳು. ಭಾವ ಅವಳ ಪಕ್ಕ ಮೆಟ್ಟಿಲ ಮೇಲೆ ಕೂತು, ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡರು. ರಟ್ಟಿನಿಂದ ಕೈಗೆ ಅಂಟಿದ್ದ ಬಣ್ಣವೆಲ್ಲ ಅವರ ಹಣೆಗೆ, ಕೆನ್ನೆಗೆ ಬಳಿದುಕೊಂಡಿತು. ಮುಂದಿನ ಬಾಗಿಲಲ್ಲಿ ಯಾರೋ ಗಿರಾಕಿ "ಬಟ್ಟೆ ಆಯ್ತೇನ್ರೀ" ಅಂತ ಕೂಗುತ್ತಿದ್ದರು. ನಾನು ಹೋಗಿ, ಆಗಿಲ್ಲ ಇವತ್ತು ಆಗೋದೂ ಇಲ್ಲ ಅಂತ ಹೇಳಿ ಅಂಗಡಿ ಬಾಗಿಲು ಹಾಕಿ ಬಂದೆ.

ಬಂದಾಗ ಅಕ್ಕ ಕಣ್ಣು ಒರೆಸಿಕೊಂಡಿದ್ದಳು. "ತಲೆ ಮೇಲೆ ಗಂಟು ಹೊತ್ತವರು ಹೇಗೆ ತಿರುಗ್ತಾರೆ" ಅನ್ನುತ್ತಿದ್ದಳು, ಭಾವನಿಗೋ, ತನಗೋ. ನನ್ನ ಹೆಜ್ಜೆ ಕೇಳಿ, "ಮೆಣಸು, ಖಾಲಿ ರಟ್ಟು ಒಂದು ತಾ. ಬಣ್ಣದ ಡಬ್ಬಿನೂ ತಾ" ಅಂದಳು.

"ನನಗೆ ಕಂಡಿಲ್ಲ ಅಂದೆನಲ್ಲೇ" ಅಂದರು ಭಾವ.

"ನಿಮಗೆ ಕಾಣದಿದ್ದರೆ ಬೇಡ. ನನ್ನ ಮಗಳು ಹೇಗೆ ಕೂರ್ತಾಳೆ ಅಂತ ನನಗೆ ಗೊತ್ತಿಲ್ವಾ? ನಾನು ಹೇಳ್ತೀನಿ, ನೀವು ಬರೀರಿ."

ಬಿಸಿಲು ಮೆಟ್ಟಿಲಿನಿಂದ ಸರಿದ ಹಾಗೆ ಅವರಿಬ್ಬರೂ ಸರಿದು ಸರಿದು ಕೂತರು. ಬಲಗಾಲು ಮಡಚಿ ಕೆಳಗೆ ಹಾಕಿಕೊಳ್ತಾಳೆ, ಎಡಗಾಲು ಜೋಲು ಬಿಡ್ತಾಳೆ ಅಂದಳು ಅಕ್ಕ. ಎಡ ಭುಜ ಸ್ವಲ್ಪ ಮೇಲೆ. ಫ್ರಾಕು ಕೆಂಪಲ್ಲ, ಅವತ್ತು ನಾನೇ ಹಾಕಿದ್ದು, ಹಳದಿ. ಬೆನ್ನಿನ ಗುಂಡಿ ಒಂದು ಯಾವಾಗಲೂ ಬಿಚ್ಚಿಹೋಗಿರುತ್ತೆ. ಮುಖ ಬೇಡ, ಬೆನ್ನು ಈ ಕಡೆ ಇರಲಿ, ಅವಳು ನಿಮ್ಮ ದಾರಿ ನೋಡ್ತಿದ್ದಾಳೆ. ಭಾವ ಒಂದೊಂದನ್ನೇ ಬರೆದು ರಟ್ಟನ್ನು ಅವಳ ಬಲಗಣ್ಣಿಗೆ ಹಿಡಿಯುತ್ತಿದ್ದರು. ಅಕ್ಕ ಅದನ್ನು ಅಂಗುಲ ಅಂಗುಲವಾಗಿ ಸರಿಸಿ ನೋಡುತ್ತಿದ್ದಳು. ಮೊದಲು ಪಾದ ಸಿಕ್ಕಿತು. ಆಮೇಲೆ ಮಂಡಿ, ಆಮೇಲೆ ಬೆನ್ನು. ಕತ್ತಿನ ಹಿಂದಿನ ಕೂದಲು ಸಿಕ್ಕಾಗ ಅಲ್ಲೇ ನಿಂತಳು, ಬಹಳ ಹೊತ್ತು ಮುಂದಕ್ಕೆ ಸರಿಸಲಿಲ್ಲ. ಬಣ್ಣ ಅವಳ ಮೂಗಿನ ತುದಿಗೆ ಅಂಟಿತು.

"ಈಗ ಏರಿ ಮೇಲೆ ನೀವೂ ಇರಬೇಕು" ಅಂದಳು. "ಅವಳಿಗೆ ಕಾಣ್ತಿದ್ದದ್ದು ನೀವೇ ತಾನೇ."

ಭಾವ ಕಂದು ಕಡ್ಡಿ ತೆಗೆದುಕೊಂಡು, ಏರಿಯ ಕೊನೆಯಲ್ಲಿ, ಅಕ್ಕಿ ಕಾಳಿನಷ್ಟು ಒಂದು ಗೆರೆ ಎಳೆದರು. ಅದರ ತಲೆಯ ಮೇಲೆ ಬಿಳಿಯದೊಂದು ಚುಕ್ಕೆ. ಅಕ್ಕ ಹುಡುಕಿ ಹುಡುಕಿ ಅದನ್ನು ಕಂಡುಹಿಡಿದಳು.

"ಇಷ್ಟು ಸಣ್ಣದಾ?"

"ಅಷ್ಟು ದೂರ ಹೋಗಿದ್ದೆ."

"ಇನ್ನೂ ಸ್ವಲ್ಪ ಹತ್ತಿರ ಬರೀರಿ" ಅಂದಳು ಅಕ್ಕ.

ಭಾವ ಬ್ಲೇಡಿನಿಂದ ಆ ಗೆರೆಯನ್ನು ಹೆರೆದು ತೆಗೆದು, ಆ ಜಾಗಕ್ಕೆ ಮತ್ತೆ ದಾರಿಯ ಬಣ್ಣ ತುಂಬಿ, ಸ್ವಲ್ಪ ಈಚೆಗೆ, ಸ್ವಲ್ಪ ದೊಡ್ಡದಾಗಿ ಬರೆದರು. ಅಕ್ಕ ನೋಡಿ, ಇನ್ನೂ ಸ್ವಲ್ಪ ಅಂದಳು. ಮತ್ತೆ ಹೆರೆದರು. ಮೂರನೇ ಸಲ ಅವರು ತಮ್ಮನ್ನು ಮಗಳಿಗೆ ನಾಲ್ಕು ಹೆಜ್ಜೆ ದೂರದಲ್ಲಿ ಬರೆದುಕೊಂಡರು. ಅಕ್ಕ ರಟ್ಟನ್ನು ಕಣ್ಣಿನ ಹತ್ತಿರ ಹಿಡಿದು ಕಲ್ಲಿನಿಂದ ದಾರಿಗೆ, ದಾರಿಯಿಂದ ಕಲ್ಲಿಗೆ ಎರಡು ಸಲ ಸರಿಸಿ ನೋಡಿ, ಸಾಕು ಅಂದಳು.